ಬೆಳೆಯುವುದಕ್ಕೆ ಬಿಟ್ಟ ಇಂಚು

ಮಕ್ಕಳ ಬಟ್ಟೆ ಹೊಲಿಯುವವರಿಗೆ ಒಂದು ಚಾಳಿ ಇರುತ್ತದೆ. ಟೇಪು ಇಪ್ಪತ್ತೆರಡು ಅಂದರೆ ಪುಸ್ತಕದಲ್ಲಿ ಇಪ್ಪತ್ತಮೂರು ಅಂತ ಬರೆಯುತ್ತಾರೆ. ಮಗು ನಿಂತಲ್ಲೇ ನಿಲ್ಲುವ ಪ್ರಾಣಿಯಲ್ಲ, ಗುಂಡಿ ಹಾಕಿ ಇಸ್ತ್ರಿ ಮಾಡುವಷ್ಟರಲ್ಲಿ ಬೆಳೆದಿರುತ್ತದೆ ಎಂಬುದು ಅವರ ಲೆಕ್ಕ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೂವತ್ತು ವರ್ಷದಿಂದ ಮಿಷನ್ನು ತುಳಿಯುತ್ತಿದ್ದ ಟೈಲರಮ್ಮನಿಗೂ ಇದೇ ಚಾಳಿ. ಯಾರೂ ಕಲಿಸಿದ್ದಲ್ಲ. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡ ಮೇಲೆ, ಒಂಬತ್ತು ವರ್ಷದ ತಮ್ಮನಿಗೆ ಸ್ಕೂಲಿನ ಅಂಗಿ ಹೊಲಿಯುತ್ತ ಹೊಲಿಯುತ್ತ ತಾನೇ ಕಲಿತದ್ದು. ಅವನ ಅಂಗಿಗಳಿಗೆ ಒಂದಲ್ಲ, ಎರಡು ಇಂಚು ಬಿಡುತ್ತಿದ್ದಳು. ಚೆನ್ನಾಗಿ ಬೆಳೆಯಲಿ ಎಂಬ ಆಸೆ, ಮತ್ತೇನು.

ಆ ತಮ್ಮ ಈಗ ಜೈಲಿನಲ್ಲಿದ್ದ. ಅವನನ್ನು ಒಳಗೆ ಹಾಕಿಸಿದ್ದು ಅವಳ ಅಳತೆ ಪುಸ್ತಕ.

ತಮ್ಮ ಗಡಿಯಾರ ರಿಪೇರಿ ಮಾಡುವವನು. ಹೆಂಡತಿ ತೀರಿಹೋದ ಮೇಲೆ ನಾಲ್ಕು ವರ್ಷದ ಮಗಳನ್ನು ಒಬ್ಬನೇ ಸಾಕಿದ. ಸಾಕಿದ ಅಂತ ಓಣಿಯವರು ಹೊಗಳುತ್ತಿದ್ದರು. ಮಗು ಜೋರಾಗಿ ನಕ್ಕರೆ ಒಂದು ಊಟ ಇಲ್ಲ, ಲೆಕ್ಕ ತಪ್ಪಿದರೆ ಎರಡು ಊಟ ಇಲ್ಲ ಎಂಬುದು ಹೊಗಳುವವರಿಗೆ ಗೊತ್ತಿರಲಿಲ್ಲ. ಅಡುಗೆಮನೆಯ ಕಪಾಟಿಗೆ ಬೀಗ, ಬೀಗದ ಕೈ ಅವನ ಪ್ಯಾಂಟಿನ ಕಿಸೆಯಲ್ಲಿ. ಆದರೆ ಆರು ತಿಂಗಳಿಗೊಂದು ಹೊಸ ಫ್ರಾಕು ಮಾತ್ರ ತಪ್ಪದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಅದೇ. ಫ್ರಾಕಿಗೆ ಅಳತೆ ಕೊಡಿಸಲು ತಾನೇ ಕೈಹಿಡಿದು ಅಕ್ಕನ ಅಂಗಡಿಗೆ ಕರೆತರುತ್ತಿದ್ದ.

ಮೊದಲ ಸಲ ಎದೆ ಸುತ್ತಳತೆ ಇಪ್ಪತ್ತನಾಲ್ಕು ಅಂತ ಪುಸ್ತಕದಲ್ಲಿ ಬಿತ್ತು. ಆರು ತಿಂಗಳಿಗೆ ಇಪ್ಪತ್ತಮೂರು. ಟೈಲರಮ್ಮ ತನ್ನ ಟೇಪನ್ನೇ ಬೈದುಕೊಂಡಳು. ಇನ್ನೂ ಆರು ತಿಂಗಳಿಗೆ, ಟೇಪು ಸುತ್ತಲು ಮಗುವಿನ ಎರಡೂ ಕೈ ಎತ್ತಿಸಿದಾಗ, ಫ್ರಾಕಿನೊಳಗಿನ ಪಕ್ಕೆಲುಬು ಒಂದೊಂದೂ ಬೆರಳಿಗೆ ಸಿಕ್ಕಿತು. ತಮ್ಮ ಹೊರಗೆ ಯಾರದೋ ಕೈಗಡಿಯಾರ ನೋಡುತ್ತಿದ್ದ.

"ಊಟ ಮಾಡ್ತಿಲ್ವಾ ಬಟನ್ನು?" ಅಂತ ಕೇಳಿದಳು. ಅಂಗಡಿಗೆ ಬಂದಾಗೆಲ್ಲ ಗುಂಡಿಗಳ ಡಬ್ಬಿಗೆ ಕೈ ಹಾಕಿ ಕೂರುತ್ತಿದ್ದ ಹುಡುಗಿಗೆ ಅತ್ತೆ ಇಟ್ಟ ಹೆಸರು ಅದು.

"ಈ ವಾರ ತುಂಬಾ ತಪ್ಪು ಮಾಡಿದೀನಿ ಅತ್ತೆ," ಅಂದಿತು ಮಗು.

ಟೈಲರಮ್ಮ ಪುಸ್ತಕದಲ್ಲಿ ಇಪ್ಪತ್ತೊಂದು ಅಂತ ಬರೆದಳು. ಮರುದಿನ ಅದೇ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಪೊಲೀಸ್ ಠಾಣೆಗೆ ಹೋದಳು.

ಕೆಳಗಿನ ಕೋರ್ಟಿನಲ್ಲಿ ಮಗು ಬಾಯಿಬಿಡಲಿಲ್ಲ. ಬಿಟ್ಟಾಗಲೂ "ಅಪ್ಪ ಒಳ್ಳೇವ್ರು" ಅಂತಷ್ಟೇ ಹೇಳಿತು. ಡಾಕ್ಟರು ಅಡ್ಡಗೋಡೆ ಮೇಲೆ ದೀಪ ಇಟ್ಟರು: ಹಸಿವಿನಿಂದಲೂ ಇರಬಹುದು, ಕಾಯಿಲೆಯಿಂದಲೂ ಇರಬಹುದು. ಬೀಗ ಹಾಕಿದ್ದು ಇಲಿ ಕಾಟಕ್ಕೆ ಅಂದ ತಮ್ಮ. ಬೀಗ ತೆಗೆಯುವ ಇಲಿಯನ್ನು ಯಾರೂ ಕಂಡಿಲ್ಲ, ಆದರೆ ಕೇಸಿನಲ್ಲಿ ಅದೂ ಒಂದು ಉತ್ತರ. ಬೇರೆ ಮಕ್ಕಳು ಬಿಟ್ಟ ಬ್ರೆಡ್ಡನ್ನು ಈ ಮಗು ತಿನ್ನುವುದನ್ನು ಎರಡು ಸಲ ನೋಡಿದ್ದೆ ಅಂತ ಸ್ಕೂಲಿನ ಆಯಾ ಹೇಳಿದಳು. ಉಳಿದದ್ದು ಪುಸ್ತಕ. "ಇದು ಹುಡುಗಿಯ ಮೈ ಅಳತೆ ತಾನೇ?" ಅಂತ ಟೈಲರಮ್ಮನನ್ನು ಕೇಳಿದರು. "ಹೌದು" ಅಂದಳು. ಜಡ್ಜ್ ಸಾಹೇಬರು ಅದನ್ನೇ ನೆಚ್ಚಿಕೊಂಡು ಐದು ವರ್ಷ ಶಿಕ್ಷೆ ಬರೆದರು.

ಅದಾಗಿ ಎರಡು ವರ್ಷ. ಬಟನ್ನು ಅತ್ತೆಯ ಮನೆಯಲ್ಲೇ ಇದ್ದಳು. ಹತ್ತು ವರ್ಷ ತುಂಬಿತ್ತು. ದಿಂಬಿನ ಕೆಳಗೆ ಬ್ರೆಡ್ಡು ಬಚ್ಚಿಡುವುದು ಇನ್ನೂ ಬಿಟ್ಟಿರಲಿಲ್ಲ. ಟೈಲರಮ್ಮ ದಿನಾ ಬೆಳಗ್ಗೆ ಒಣಗಿದ್ದನ್ನು ತೆಗೆದು ಹೊಸದನ್ನು ಇಡುತ್ತಿದ್ದಳು. ಇಬ್ಬರೂ ಆ ವಿಷಯ ಮಾತಾಡುತ್ತಿರಲಿಲ್ಲ.

ಅಪೀಲಿನ ಕಾಗದ ಬಂದಾಗ ಸರ್ಕಾರಿ ವಕೀಲೆ ಅವಳನ್ನು ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ಫೈಲುಗಳ ಗುಡ್ಡೆ, ನಡುವೆ ಅರ್ಧ ಕುಡಿದ ಕಾಫಿ ಲೋಟ.

"ನಾನು ಮತ್ತೆ ಸಾಕ್ಷಿ ಹೇಳ್ಬೇಕಾ ಮೇಡಂ?"

"ಇಲ್ಲಮ್ಮ. ಅಲ್ಲಿ ಯಾರನ್ನೂ ಕೇಳಲ್ಲ. ನಿಮ್ಮನ್ನೂ ಇಲ್ಲ, ಮಗೂನೂ ಇಲ್ಲ. ನಿಮ್ಮ ಭಾಷೇಲೇ ಹೇಳ್ಬೇಕಂದ್ರೆ, ಮೇಲಿನ ಕೋರ್ಟಲ್ಲಿ ಹೊಸದಾಗಿ ಅಳತೆ ತಗೊಳ್ಳಲ್ಲ. ಹೊಲಿದಿರೋ ಬಟ್ಟೇನ ಜಗ್ಗಿ ನೋಡ್ತಾರೆ, ಹೊಲಿಗೆ ನಿಲ್ಲುತ್ತಾ ಅಂತ."

"ಹಂಗಂದ್ರೆ?"

"ಅವನು ಮಾಡಿದ್ನಾ ಇಲ್ವಾ ಅಂತ ಅವ್ರು ತಲೆ ಕೆಡಿಸ್ಕೊಳ್ಳಲ್ಲ. ಈ ಕಾಗದದಲ್ಲಿರೋದನ್ನೆಲ್ಲ ನಿಜ ಅಂತಾನೇ ಇಟ್ಕೊಂಡ್ರೂ, ಬುದ್ಧಿ ನೆಟ್ಟಗಿರೋ ಒಬ್ಬ ಜಡ್ಜು ಶಿಕ್ಷೆ ಕೊಡೋಕೆ ಇಷ್ಟು ಸಾಕಾ? ಪ್ರಶ್ನೆ ಅಷ್ಟೇ."

"ಸಾಕಾ?"

"ಸಾಕು ಅನ್ಸುತ್ತೆ. ನೋಡಿ, ಟೇಪು ಅಂದ್ಮೇಲೆ ಅರ್ಧ ಇಂಚು ಹೆಚ್ಚುಕಮ್ಮಿ ಆಗುತ್ತೆ ಅಂತಾರೆ ಅವ್ರ ಲಾಯರು. ಮೊದಲನೇ ಅಳತೆ ಸ್ವೆಟರ್ ಮೇಲೆ ತಗೊಂಡಿದ್ದು, ಅದಕ್ಕೆ ಇಪ್ಪತ್ತನಾಲ್ಕು ಇಪ್ಪತ್ತಮೂರು ಆಗಿದ್ದನ್ನ ಬಿಟ್ಟುಬಿಡೋಣ. ಆದ್ರೆ ಇಪ್ಪತ್ತಮೂರರಿಂದ ಇಪ್ಪತ್ತೊಂದು! ಆರು ತಿಂಗಳಲ್ಲಿ ಎರಡು ಇಂಚು! ಅದು ಟೇಪಿನ ತಪ್ಪು ಅಂತ ಯಾವ ದೊಡ್ಡ ಲಾಯರೂ ಹೇಳೋಕಾಗಲ್ಲ. ನಮ್ಮ ಕೇಸು ನಿಂತಿರೋದೇ ಅದರ ಮೇಲೆ."

ಟೈಲರಮ್ಮ ತಲೆಯಾಡಿಸಿ ಎದ್ದು ಬಂದಳು. ಮನೆಗೆ ಬಂದು ಒಂದು ಮಗುವಿನ ನಿಲುವಂಗಿ ಕತ್ತರಿಸಲು ಕೂತಳು. ಅಳತೆ ಇಪ್ಪತ್ತೈದು. ಕೈ ತಾನಾಗಿಯೇ ಇಪ್ಪತ್ತಾರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿತು. ಆ ಗೆರೆ ನೋಡುತ್ತ ಅವಳು ಹಾಗೆಯೇ ಕೂತುಬಿಟ್ಟಳು.

ಮೊದಲ ಎರಡು ಸಲ ಅವಳು ಇಂಚು ಬಿಟ್ಟಿದ್ದಳು. ಮೂರನೇ ಸಲ ಬಿಟ್ಟಿರಲಿಲ್ಲ. ಪಕ್ಕೆಲುಬು ಬೆರಳಿಗೆ ತಾಗಿದ್ದೇ ತಡ ಕೈ ಮರಗಟ್ಟಿ, ಟೇಪು ಹೇಳಿದ್ದನ್ನು ಹಾಗೇ ಬರೆದಿದ್ದಳು. ಬೆಳೆಯುವ ಮಗುವಿಗೆ ಬಿಡುವ ಇಂಚು ಅದು. ಆವತ್ತು ಕೈಗೆ ಆ ನಂಬಿಕೆ ಇರಲಿಲ್ಲ. ಹಾಗಾದರೆ ಮೈ ಅಳತೆ ಇಪ್ಪತ್ತೆರಡರಿಂದ ಇಪ್ಪತ್ತೊಂದಕ್ಕೆ ಇಳಿದಿತ್ತು. ಎರಡು ಇಂಚಲ್ಲ. ಒಂದು.

ಇದು ಪುಸ್ತಕದಲ್ಲಿಲ್ಲ, ಕೋರ್ಟಿನ ಕಾಗದದಲ್ಲಿಲ್ಲ. ಲೋಕದಲ್ಲಿ ಅವಳ ಬಲಗೈಗೆ ಮಾತ್ರ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಬಾಯಿ ಬಿಟ್ಟರೆ ಮಗು ಹೋಯಿತು, ಏಕೆಂದರೆ ಶಿಕ್ಷೆ ಇರುವವರೆಗೆ ಮಾತ್ರ ಮಗು ಅತ್ತೆಯ ಬಳಿ ಅಂತ ಆದೇಶದಲ್ಲೇ ಬರೆದಿತ್ತು. ಬಿಡದಿದ್ದರೆ, ತಾನು ಎತ್ತಿ ಆಡಿಸಿದ ತಮ್ಮ ತಾನು ತಪ್ಪಿ ಹೇಳಿದ ಒಂದು 'ಹೌದು'ವಿನ ಮೇಲೆ ಇನ್ನೂ ಮೂರು ವರ್ಷ ಕೂರಬೇಕು. ಅವನು ಮಾಡಿದ್ದ. ಅದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆದರೂ ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿದ್ದು ಸುಳ್ಳಾಗಿತ್ತು.

ಒಂಬತ್ತು ದಿನ ಅವಳಿಗೆ ಏನೂ ಅನ್ನಿಸಲಿಲ್ಲ. ಅಳು ಬರಲಿಲ್ಲ, ಕೋಪ ಬರಲಿಲ್ಲ. ಸೂಜಿ ಬೆರಳಿಗೆ ಹೊಕ್ಕು ಬಿಳಿ ಬಟ್ಟೆಗೆ ರಕ್ತ ತಾಗಿದಾಗ ಬಟನ್ನೇ ನೋಡಿ ಹೇಳಬೇಕಾಯಿತು.

"ನೋವಾಗ್ಲಿಲ್ವಾ ಅತ್ತೆ?"

"ಆಗಿರ್ಬೇಕು ಕಣೇ," ಅಂದಳು.

ವಿಚಾರಣೆಯ ದಿನ ಕೋರ್ಟಿನ ಮೊಗಸಾಲೆಯಲ್ಲಿ ವಕೀಲೆ ಕಪ್ಪು ಕೋಟಿನ ತೋಳು ಸರಿಮಾಡಿಕೊಳ್ಳುತ್ತ ನಿಂತಿದ್ದರು. ತೋಳಿನ ಹೊಲಿಗೆ ಅರ್ಧ ಬಿಟ್ಟುಹೋಗಿತ್ತು. ಟೈಲರಮ್ಮ ಅದನ್ನೇ ನೋಡುತ್ತ ಎಲ್ಲವನ್ನೂ ಎಳೆಎಳೆಯಾಗಿ ಹೇಳಿದಳು.

ವಕೀಲೆ ಕೈಯಲ್ಲಿದ್ದ ಫೈಲು ಮುಚ್ಚಿದರು. "ಇದನ್ನ ನೀವು ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನಂಗೆ ಗೊತ್ತಿತ್ತಲ್ಲ ಮೇಡಂ."

"ಈಗ ನಂಗೂ ಗೊತ್ತಾಯ್ತು. ಗೊತ್ತಿದ್ದೂ ಎರಡು ಇಂಚು ಅಂತ ನಾನು ವಾದ ಮಾಡೋ ಹಾಗಿಲ್ಲ. ಅರ್ಥ ಆಗ್ತಿದೆಯಾ ನಿಮಗೆ?"

"ಆಗ್ತಿದೆ," ಅಂದಳು ಟೈಲರಮ್ಮ. ಸೆರಗಿನ ಅಂಚಿನಿಂದ ಸೂಜಿ ದಾರ ತೆಗೆದು, ಕೇಳದೆಯೇ, ಆ ತೋಳಿಗೆ ನಾಲ್ಕು ಹೊಲಿಗೆ ಹಾಕಿದಳು. ಬೇರೇನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ.

ಒಳಗೆ ಮೂವರು ನ್ಯಾಯಾಧೀಶರು ಎತ್ತರದ ಮೇಜಿನ ಹಿಂದೆ ಕೂತಿದ್ದರು. ಇಪ್ಪತ್ತು ನಿಮಿಷದ ಕೆಲಸ. ಸರ್ಕಾರದ ಕಡೆಯವರು ಎರಡು ಇಂಚನ್ನು ಒತ್ತಿ ಹೇಳುವುದಿಲ್ಲ, ಒಂದೇ ಇಂಚು ಅಂತ ಇಟ್ಟುಕೊಳ್ಳಿ ಅಂದರು ವಕೀಲೆ. ನಡುವಿನ ಹಿರಿಯರು ಕನ್ನಡಕ ಏರಿಸಿದರು.

"ಒಂದು ಇಂಚಿನಲ್ಲಿ ಅರ್ಧ ಟೇಪಿನ ತಪ್ಪಿಗೆ ಹೋಯಿತು. ಉಳಿದ ಅರ್ಧ ಇಂಚಿನ ಮೇಲೆ ಒಬ್ಬ ಮನುಷ್ಯನನ್ನು ಐದು ವರ್ಷ ಕೂರಿಸಬಹುದೇ?"

"ಬೆಳೀಬೇಕಾದ ಮಗು ಕುಗ್ಗಿದೆ, ಸ್ವಾಮಿ."

"ಕುಗ್ಗಿದೆ. ಕಾಯಿಲೆಯಿಂದ ಅಲ್ಲ ಅಂತ ಡಾಕ್ಟರು ಹೇಳಿದ್ದಾರೆಯೇ? ಯಾವ ಪುಟದಲ್ಲಿ?"

ವಕೀಲೆ ಪುಟ ತಿರುವಿದರು. ಆ ಪುಟ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಟೈಲರಮ್ಮನ ಕಡೆ ಯಾರೂ ತಿರುಗಿ ನೋಡಲಿಲ್ಲ. ದಿಂಬಿನ ಕೆಳಗಿನ ಬ್ರೆಡ್ಡಿನ ವಿಷಯ ಎದ್ದು ಕೂಗಿ ಹೇಳಬೇಕು ಅಂತ ಅವಳಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಎದೆಯೊಳಗೆ ಹತ್ತಿ ತುಂಬಿದ ಹಾಗಿತ್ತು. ಮೂವರ ಕೋಟಿನ ಅಳತೆಯನ್ನು ಕಣ್ಣಲ್ಲೇ ತೆಗೆಯುತ್ತ ಕೂತಳು. ಎಡಗಡೆಯವರದ್ದು ಹೆಗಲಲ್ಲಿ ಸಡಿಲವಿತ್ತು.

ಮೂರು ವಾರಕ್ಕೆ ತೀರ್ಪು ಬಂತು. 'ಮಗು ಹಸಿದಿರಲಿಲ್ಲ ಎಂದು ನಾವು ಹೇಳುತ್ತಿಲ್ಲ. ಆ ಹಸಿವಿಗೆ ತಂದೆಯೇ ಕಾರಣ ಎಂದು ಈ ಕಾಗದಗಳನ್ನು ನೋಡಿ ಯಾವ ವಿವೇಕಿಯೂ ನಿಶ್ಚಯವಾಗಿ ಹೇಳಲಾರ. ಸಾಕ್ಷ್ಯ ಸಾಲದು.' ತೀರ್ಪಿನ ಜೊತೆ ಅಳತೆ ಪುಸ್ತಕವೂ ವಾಪಸ್ಸು ಬಂತು, ರಟ್ಟಿನ ಮೇಲೆ ಕೆಂಪು ಅರಗಿನ ಗುರುತಿನೊಡನೆ. ಟೈಲರಮ್ಮ ಅದನ್ನು ಕತ್ತರಿ, ಸೀಮೆಸುಣ್ಣಗಳ ಪಕ್ಕ ಹಳೆಯ ಜಾಗದಲ್ಲೇ ಇಟ್ಟಳು.

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ತಮ್ಮ ಬಂದ. ಅಂಗಿ ಮೈಮೇಲೆ ತೂಗಾಡುತ್ತಿತ್ತು. ಎದೆ ನಾಲ್ಕು ಇಂಚು ಇಳಿದಿದೆ ಅಂದಿತು ಅವಳ ಕಣ್ಣು. ಆ ಕಣ್ಣಿಗೆ ಹೊತ್ತಿಲ್ಲ ಗೊತ್ತಿಲ್ಲ.

"ಅಕ್ಕಾ," ಅಂದ. ಬಾಗಿಲಲ್ಲೇ ನಿಂತು ಕಣ್ಣು ಒರೆಸಿಕೊಂಡ. "ಲಾಯರು ಎಲ್ಲಾ ಹೇಳಿದ್ರು. ಕೊನೆಗೂ ನೀನು ನನ್ನ ಕೈ ಬಿಡ್ಲಿಲ್ಲ."

"ನಿನಗೋಸ್ಕರ ಹೇಳಿದ್ದಲ್ಲ," ಅಂದಳು. ಅವನಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ.

ಒಳಗಿನ ಕೋಣೆಯಲ್ಲಿ ಬಟನ್ನು ಚೀಲದ ಪಕ್ಕ ಕೂತಿದ್ದಳು. ಬಟ್ಟೆ, ಪುಸ್ತಕ, ಗುಂಡಿಗಳ ಡಬ್ಬಿ ಎಲ್ಲ ಚೀಲದಲ್ಲಿತ್ತು. ದಿಂಬಿನ ಕೆಳಗೆ ಏನೂ ಉಳಿದಿರಲಿಲ್ಲ.

"ಹೋಗೋಣ್ವಾ ಮಗಳೇ?" ಅಂದ ತಮ್ಮ.

"ಒಂದು ನಿಮಿಷ," ಅಂದಳು ಟೈಲರಮ್ಮ. ಕೊರಳಿನಿಂದ ಟೇಪು ತೆಗೆದಳು. "ಇನ್ನು ಪ್ರತಿ ತಿಂಗಳು ಮೊದಲನೇ ಭಾನುವಾರ ಇವಳನ್ನ ಇಲ್ಲಿಗೆ ಕರ್ಕೊಂಡು ಬರ್ಬೇಕು. ನಾನು ಅಳತೆ ತಗೋತೀನಿ. ನೀನು ಪಕ್ಕದಲ್ಲಿ ಸಹಿ ಹಾಕ್ಬೇಕು, ತಾರೀಖು ಸಮೇತ."

"ಯಾಕಕ್ಕಾ, ಇದೆಲ್ಲ..."

"ಹಾಕ್ತೀಯೋ ಇಲ್ವೋ?"

ಅವನು ನೆಲ ನೋಡಿದ. "ಹಾಕ್ತೀನಿ."

ಹುಡುಗಿ ಬಂದು ಕೈ ಎತ್ತಿ ನಿಂತಳು. ಟೈಲರಮ್ಮ ಟೇಪು ಸುತ್ತಿದಳು. ಇಪ್ಪತ್ತನಾಲ್ಕೂವರೆ. ಅವಳು ಬೆಚ್ಚಿದಳು. ಹೋದ ವಾರವಷ್ಟೇ ಫ್ರಾಕು ಹೊಲಿದಿದ್ದಳು, ಅಷ್ಟು ಕಡಿಮೆ ಇರಲಿಲ್ಲ. ಮುಖ ನೋಡಿದಾಗ ತಿಳಿಯಿತು. ಬಟನ್ನು ಇದ್ದಬದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು, ಎದೆಯನ್ನು ಒಳಗೆಳೆದುಕೊಂಡು, ತುಟಿ ಬಿಗಿಹಿಡಿದು ನಿಂತಿದ್ದಳು. ಅಳತೆ ಕಡಿಮೆ ಬಂದರೆ ಇಲ್ಲೇ ಇರಬಹುದು ಅಂತ ಆ ಹತ್ತು ವರ್ಷದ ತಲೆ ಲೆಕ್ಕ ಹಾಕಿತ್ತು.

"ಉಸಿರಾಡು ಬಟನ್ನು," ಅಂದಳು ಅತ್ತೆ.

ಹುಡುಗಿ ತಲೆ ಅಲ್ಲಾಡಿಸಿದಳು. ಮುಖ ಕೆಂಪಗಾಯಿತು, ಕಣ್ಣಲ್ಲಿ ನೀರು ಬಂತು. ಟೈಲರಮ್ಮ ಟೇಪು ಹಿಡಿದುಕೊಂಡೇ ಕಾದಳು. ಇಷ್ಟು ದಿನಗಳಲ್ಲಿ ಮೊದಲ ಸಲ ಅವಳ ಕೈಗೆ ನೋವು ಗೊತ್ತಾಯಿತು. ಆದರೂ ಟೇಪು ಬಿಡಲಿಲ್ಲ. ಕೊನೆಗೆ ಹುಡುಗಿಗೆ ತಡೆಯಲಾಗಲಿಲ್ಲ. ಉಸಿರು ಒಳಗೆ ನುಗ್ಗಿತು, ಟೇಪು ಬೆರಳ ನಡುವೆ ಜಾರಿ ಮುಂದೆ ಹೋಗಿ ನಿಂತಿತು.

ಇಪ್ಪತ್ತನಾಲ್ಕು, ಇಪ್ಪತ್ತಮೂರು, ಇಪ್ಪತ್ತೊಂದರ ಕೆಳಗೆ ಅವಳು ಇಪ್ಪತ್ತಾರು ಅಂತ ಬರೆದಳು. ಪಕ್ಕದಲ್ಲಿ 'ಮೈ ಅಳತೆ, ಇಂಚು ಬಿಟ್ಟಿಲ್ಲ' ಅಂತ ಸೇರಿಸಿದಳು. ಆಮೇಲೆ ಪುಸ್ತಕವನ್ನು ತಮ್ಮನ ಕಡೆ ತಿರುಗಿಸಿ ಪೆನ್ನು ಕೊಟ್ಟಳು.