ಬೆವರಿದ ಪೆಟ್ಟಿಗೆ

ಆದೆಪ್ಪ ತಗಡಿನ ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿ ಮೈಭಾರವನ್ನೆಲ್ಲ ಬಿಟ್ಟ. ಆದರೂ ಅದು ಮುಳುಗಲೊಲ್ಲದು. ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆಯಿಂದೆದ್ದು ಮೊಂಡ ಎಮ್ಮೆಕರುವಿನ ಹಾಗೆ ಅವನ ಎದೆಗೇ ಗುದ್ದುತ್ತಿತ್ತು. ಸೊಂಟದುದ್ದ ನೀರಿನಲ್ಲಿ ಅವನು ಹೆಣಗಾಡುವುದನ್ನು ತಿಮ್ಮಣ್ಣ ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬೀಡಿ ಸೇದುತ್ತ ನೋಡುತ್ತಿದ್ದ.

"ಒಂದು ಹುಟ್ಟು ಕೊಡತೀನಿ ತಗೋ. ಅದರ ಮ್ಯಾಲೆ ಕುಂತು ಆಚಿ ದಂಡಿಗೆ ಹೋಗಿ ಬಾ," ಎಂದ.

"ನಗಬ್ಯಾಡ ಕಾಕಾ. ಒಂದು ಹನಿ ಒಳಗ ಹೋಗಿದ್ರ ಆಮ್ಯಾಲೆ ನಗು."

ಪೆಟ್ಟಿಗೆಯನ್ನು ಮೇಲೆ ತಂದು, ಅಂಗಿಯಿಂದ ಒರೆಸಿ, ನಾಲ್ಕೂ ತಿರುಪು ಬಿಚ್ಚಿ ಮುಚ್ಚಳ ತೆಗೆದ. ಒಳಗೆ ಒಂದು ಹಿಡಿ ಜೋಳದ ಹಿಟ್ಟು ಹಾಕಿಟ್ಟಿದ್ದ. ಅದನ್ನು ಅಂಗೈಗೆ ತೆಗೆದುಕೊಂಡು ಉಫ್ ಎಂದು ಊದಿದ. ಹಿಟ್ಟು ಹೊಗೆಯಾಗಿ ಹಾರಿ ತಿಮ್ಮಣ್ಣನ ಮೀಸೆಗೆ ಮೆತ್ತಿತು. ಮುದುಕ ಮೀಸೆ ಒರೆಸಿಕೊಂಡು, "ಒಣಗೈತಿ ಬಿಡಪ್ಪ, ಒಪ್ಪಿದೆ," ಎಂದ.

ಆದೆಪ್ಪ ಮುನಿರಾಬಾದಿನ ಅಣೆಕಟ್ಟಿನ ಕ್ಯಾಂಪಿನಲ್ಲಿ ಲೈನಮನ್. ಹೊಳೆಯ ಮೇಲ್ಗಡೆ ಹತ್ತು ಮೈಲಿನಾಚೆ ನೀರಿನ ಮಟ್ಟ ನೋಡಲೆಂದು ಅಳತೆಗಲ್ಲು ನೆಟ್ಟಿದ್ದರು. ಅದನ್ನು ಕಾಯುವವನು ತಿಮ್ಮಣ್ಣ. ನಲವತ್ತು ವರ್ಷ ಹರಿಗೋಲು ಹಾಕಿದ ಅಂಬಿಗ. ಅಳತೆಗಲ್ಲಿನ ಪಕ್ಕದ ಬೇವಿನ ಮರಕ್ಕೆ ಒಂದು ಫೋನು ಕಟ್ಟಿದ್ದರು. ಲಡಾಯಿ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ, ಹಿಡಿಕೆ ತಿರುವಿ ಮಾತಾಡುವ ಫೋನು. ನೀರು ಏರಿದರೆ ತಿಮ್ಮಣ್ಣ ಅದರಲ್ಲಿ ಕೂಗಬೇಕು, ಇತ್ತ ಕ್ಯಾಂಪಿನವರು ಹೊಳೆಯ ನಡುವೆ ಪಾಯ ತೋಡುತ್ತಿರುವ ಮುನ್ನೂರು ಕೂಲಿಯವರನ್ನು ಮೇಲೆ ಕರೆಯಬೇಕು. ವ್ಯವಸ್ಥೆಯೇನೋ ಚೆನ್ನಾಗಿತ್ತು. ಆದರೆ ಹೋದ ಮುಂಗಾರಿನಲ್ಲಿ ಮೂರು ದಿನ ಜಿನುಗು ಹಿಡಿದದ್ದೇ ಫೋನು ಮೂಕಾಯಿತು. ತಿಮ್ಮಣ್ಣ ಹಿಡಿಕೆ ತಿರುವಿದ್ದೇ ತಿರುವಿದ್ದು. ನೀರು ಅವನ ಕೂಗಿಗಿಂತ ಮುಂಚೆ ಕ್ಯಾಂಪು ಮುಟ್ಟಿತ್ತು. ಜೀವಕ್ಕೇನೂ ಆಗಲಿಲ್ಲ. ಆದರೆ ಅದೇ ಪಾಯದಲ್ಲಿ ಕೂಲಿ ಮಾಡುವ ಆದೆಪ್ಪನ ಹೆಂಡತಿ ಹುಲಿಗವ್ವ ಎದೆಮಟ್ಟದ ಕೆನ್ನೀರಿನಲ್ಲಿ ಯಾರದೋ ಕೂಸನ್ನು ತಲೆಯ ಮೇಲೆ ಹೊತ್ತುಕೊಂಡು ಬಂದದ್ದನ್ನು ಅವನು ದಂಡೆಯ ಮೇಲೆ ನಿಂತು ನೋಡಿದ್ದ.

ಹುಲಿಗವ್ವ ಅದನ್ನೇನೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. "ನಿನ್ನ ಫೋನಿಗಿಂತ ನಮ್ಮ ಗುಡಿಸಲದಾಗಿನ ಕಪ್ಪಿ ಛಲೋ. ಮಳಿ ಬರೂಕಿಂತ ಮೊದಲ ಒದರತೈತಿ," ಎಂದು ಒಲೆಯ ಮುಂದೆ ಕೂತು ನಗುತ್ತಿದ್ದಳು. ನಗುವವಳು ಅವಳು, ಆ ಕೆನ್ನೀರು ಮರೆಯಲಾಗದಿದ್ದುದು ಇವನಿಗೆ.

ಹಾಗಾಗಿ ಈ ವರ್ಷ ಮಳೆಗಾಲಕ್ಕೆ ಮುಂಚೆಯೇ ಅವನು ಓವರ್ಸಿಯರ್ ಕೊಟ್ರಬಸಪ್ಪನವರ ಅಪ್ಪಣೆ ಪಡೆದು, ಕೊಪ್ಪಳದ ದಾದೇಸಾಬನಿಂದ ಫೋನಿಗೊಂದು ಪೆಟ್ಟಿಗೆ ಮಾಡಿಸಿದ್ದ. ದಾದೇಸಾಬ ತಗಡಿನ ಕೆಲಸದಲ್ಲಿ ಎತ್ತಿದ ಕೈ. ಮೂಲೆ ಮೂಲೆಗೆ ಬೆಸುಗೆ, ಮುಚ್ಚಳದ ಸುತ್ತ ಸೈಕಲ್ ಟ್ಯೂಬಿನ ರಬ್ಬರು, ತಂತಿ ಒಳಗೆ ಹೋಗುವ ತೂತಿಗೆ ಅರಗು ಮತ್ತು ಜೇನುಮೇಣ. "ಇರುವಿ ಒಳಗ ಹೋಗಬೇಕಂದ್ರ ನನ್ನ ಕೇಳಿ ಹೋಗಬೇಕು," ಎಂದು ಹೇಳಿ ಕೊಟ್ಟಿದ್ದ. ಆದೆಪ್ಪ ಅದನ್ನೇ ಕೊಟ್ರಬಸಪ್ಪನವರ ಮುಂದೆ ತನ್ನ ಮಾತೆಂಬಂತೆ ಹೇಳಿದ್ದ.

ಪೆಟ್ಟಿಗೆ ಬೇವಿನ ಮರಕ್ಕೇರಿತು. ಮೃಗಶಿರಾ ಮಳೆ ಶುರುವಾಯಿತು. ದಿನಕ್ಕೆ ಮೂರು ಸಲ ತಿಮ್ಮಣ್ಣ ಮುಚ್ಚಳ ತೆಗೆದು ಮಟ್ಟ ಹೇಳುತ್ತಿದ್ದ. ಅವನಿಗೆ ಫೋನಿನ ಮೇಲೆ ಅಷ್ಟಾಗಿ ನಂಬಿಕೆ ಇರಲಿಲ್ಲವಾಗಿ ಆಚೆ ದಂಡೆಯವರನ್ನು ಕರೆದ ಹಾಗೆ ಕೂಗುತ್ತಿದ್ದ. ಕಚೇರಿಯಲ್ಲಿ ಆದೆಪ್ಪ ಫೋನನ್ನು ಕಿವಿಯಿಂದ ಗೇಣು ದೂರ ಹಿಡಿದು ಕೇಳುತ್ತಿದ್ದ. ಏಳು ದಿನ ಕೂಗು ಬಂತು. ಎಂಟನೆಯ ದಿನ ಬೆಳಿಗ್ಗೆ ಸದ್ದಿಲ್ಲ.

ಆದೆಪ್ಪ ಸೈಕಲ್ ತುಳಿದುಕೊಂಡು ಹೋದ. ಕೆಸರಿನಲ್ಲಿ ಅರ್ಧ ದಾರಿ ಸೈಕಲ್ಲೇ ಅವನನ್ನೇರಿತ್ತು. ಬೆಸುಗೆ ನೋಡಿದ, ಹಾಗೇ ಇತ್ತು. ಅರಗು ನೋಡಿದ, ಬಿರುಕಿಲ್ಲ. ಮುಚ್ಚಳ ತೆಗೆದ. ಅನ್ನದ ಗಡಿಗೆಯ ಮೇಲಿನ ತಟ್ಟೆ ತಿರುವಿದಂತೆ ಮುಚ್ಚಳದ ಒಳಮೈ ತುಂಬ ಹನಿಗಳು. ಹನಿಗಳು ಕೂಡಿಕೊಂಡು ಫೋನಿನ ಮೇಲೇ ತೊಟ್ಟಿಕ್ಕಿದ್ದವು. ತಂತಿ ಕೂಡಿಸಿದ ಹಿತ್ತಾಳೆಯ ತಿರುಪುಗಳಿಗೆ ಹಸಿರು ಕಿಲುಬು ಹತ್ತಿತ್ತು.

"ಹೊರಗಿನ ನೀರು ಬಂದಿಲ್ಲ ಕಾಕಾ," ಎಂದ, ತನಗೇ ನಂಬಿಕೆಯಾಗದೆ.

ತಿಮ್ಮಣ್ಣ ಬಗ್ಗಿ ನೋಡಿದ. "ಒಳಗ ಕುಂತು ಅದ ಅತ್ತೈತಿ," ಎಂದ.

ಅವತ್ತು ಸಂಜೆ ಕೊಟ್ರಬಸಪ್ಪನವರು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕನ್ನಡಕ ತೆಗೆದು ಒರೆಸುತ್ತ, "ನೋಡು ಆದೆಪ್ಪ, ಹೈದರಾಬಾದಿಗೆ ಬರದೀವಿ. ಅಲ್ಲಿಂದ ಪೆಟ್ಟಿಗಿ ಬರೂದ್ರಾಗ ದೀಪಾವಳಿ ಆಗಿರ್ತೈತಿ. ಇನ್ನೊಮ್ಮೆ ಫೋನು ಮೂಕ ಆತಂದ್ರ ನಾ ಹೊಳಿಯೊಳಗಿನ ಕೆಲಸ ನಿಲ್ಲಸ್ತೀನಿ. ಮುನ್ನೂರು ಮಂದಿನ್ನ ಊರಿಗೆ ಕಳಸ್ತೀನಿ. ಕಣ್ಣು ಕಟಗೊಂಡು ಅವರನ್ನ ಅಲ್ಲಿ ಇಳಸಾಕ ನನ್ನಿಂದ ಆಗೂದಿಲ್ಲ," ಎಂದರು. ಕೂಲಿಯವರು ಬೇವೂರು, ಯಲಬುರ್ಗಾ, ಕುಷ್ಟಗಿ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರು. ಊರಿಗೆ ಹೋಗಿ ಮಾಡುವುದೇನೆಂದು ಅವರಿಗೂ ಗೊತ್ತಿರಲಿಲ್ಲ, ಕೊಟ್ರಬಸಪ್ಪನವರಿಗೂ ಗೊತ್ತಿರಲಿಲ್ಲ.

ಮರುದಿನ ಆದೆಪ್ಪ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಕೊಪ್ಪಳಕ್ಕೆ ಹೋದ. ದಾದೇಸಾಬನ ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಬೆರಳ ಸಂದಿಯಲ್ಲೆಲ್ಲ ಕೆಂಪು, ಹಸಿರು ಬಣ್ಣ. ಕಿನ್ನಾಳದ ಕಳಕಮ್ಮ. ತಾನು ಮಾಡುವ ಕಟ್ಟಿಗೆಯ ಬೊಂಬೆಗಳಿಗೆ ಬೆಳ್ಳಿಯಂಥ ಹೊಳಪು ಕೊಡಲು ಬೇಕಾದ ತವರದ ಚೂರುಗಳಿಗಾಗಿ ತಿಂಗಳಿಗೊಮ್ಮೆ ಬರುವವಳು.

ಪೆಟ್ಟಿಗೆ ಕಂಡದ್ದೇ ದಾದೇಸಾಬನ ಮುಖ ಬಿಗಿಯಿತು. "ಬೆಸಗಿ ಬಿಟ್ಟಿತೇನು?"

"ಇಲ್ರಿ ಚಾಚಾ. ಬಿಟ್ಟಿದ್ರ ಛಲೋ ಇತ್ತು. ಒಂದು ಕಡೆನೂ ಬಿಟ್ಟಿಲ್ಲ, ಆದ್ರೂ ಒಳಗ ನೀರು."

"ಹಂಗಾದ್ರ ನಿಮ್ಮ ಮುದುಕ ಮುಚ್ಚಳ ತಗದಿಟ್ಟು ಮಲಗ್ಯಾನ."

"ತಿಮ್ಮಣ್ಣ ಕಾಕಾ ಅಂಥಾವಲ್ರಿ."

ಇಬ್ಬರೂ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಗ ಕಳಕಮ್ಮ ಕೈಚಾಚಿದಳು. "ಇಲ್ಲಿ ಕೊಡ್ರಿ, ನೋಡೂಣು." ಮುಚ್ಚಳ ತೆಗೆದು ಕಣ್ಣಿನಿಂದ ನೋಡಲಿಲ್ಲ, ಮೂಗು ಒಳಗಿಟ್ಟು ವಾಸನೆ ನೋಡಿದಳು. "ಹಸಿ ವಾಸನಿ ಬರ್ತೈತಿ. ಇದಕ್ಕ ಉಸರ ಬಿಡಾಕ ಜಾಗಾನ ಇಟ್ಟಿಲ್ಲಲ್ರಿ."

"ತಗಡಿಗೆ ಎಂಥಾ ಉಸರು?" ದಾದೇಸಾಬ ಸಿಡುಕಿದ.

"ನಿನ್ನ ತಗಡಿಗಲ್ಲೋ ಅಣ್ಣ, ಒಳಗಿನ ಗಾಳಿಗೆ. ಅವರು ದಿನಾ ಮುಚ್ಚಳ ತಗೀತಾರ, ಹಸಿ ಗಾಳಿ ಒಳಗ ಹೋಗ್ತೈತಿ. ಮುಚ್ಚಿದ್ರ ಹೊರಗ ಬರಾಕ ದಾರಿ ಇಲ್ಲ. ರಾತ್ರಿ ತಗಡು ತಣ್ಣಗಾತಂದ್ರ ಅದ ಗಾಳಿ ನೀರಾಗಿ ಇಳೀತೈತಿ. ನಾವು ದೊಡ್ಡ ಮೂರ್ತಿ ಮಾಡೂವಾಗ ಒಳಗ ಪೊಳ್ಳ ಇಡ್ತೀವಿ, ಆದ್ರ ಎಲ್ಲೋ ಒಂದು ಕಡೆ ಸಣ್ಣ ತೂತು ಬಿಟ್ಟ ಬಿಡ್ತೀವಿ. ಇಲ್ಲಂದ್ರ ಮಳಿಗಾಲ ಮುಗಿಯೂದ್ರಾಗ ಬಣ್ಣ ಎದ್ದು ಬರ್ತೈತಿ."

"ತೂತು ಬಿಟ್ರ ಮಳಿ ನೀರು ಒಳಗ ಹೋಗಂಗಿಲ್ಲೇನ್ರಿ ಯಕ್ಕಾ?" ಆದೆಪ್ಪ ಕೇಳಿದ.

"ನಿನ್ನ ಮೂಗಿನ ತೂತು ಮ್ಯಾಲಕ್ಕ ಅದಾವೋ, ಕೆಳಕ್ಕ ಅದಾವೋ?"

ಆದೆಪ್ಪನ ಕೈ ತಾನಾಗಿ ಮೂಗಿಗೆ ಹೋಯಿತು. ನೋಡಿದರೆ ದಾದೇಸಾಬನೂ ತನ್ನ ಮೂಗು ಮುಟ್ಟಿಕೊಂಡು ಕೂತಿದ್ದ. ಕಳಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಹಾಗಿದ್ದರೆ ಪೆಟ್ಟಿಗೆಯನ್ನೇ ಕಟ್ಟಿಗೆಯಲ್ಲಿ ಮಾಡಿಕೊಡಿ ಎಂದು ಆದೆಪ್ಪ ಕೇಳಿದ. ಅದಕ್ಕೆ ಅವಳು ಒಪ್ಪಲಿಲ್ಲ. "ನಮ್ಮದು ಹುಣಸಿಬೀಜದ ಅಂಟು. ಮಳಿ ಬಿದ್ರ ಗಂಜಿ ಆಗ್ತೈತಿ. ಹೊರಗಿಂದು ಅಣ್ಣನ ತಗಡ ಇರಲಿ. ಒಳಗ ನಾಕೂ ಕಡೆ ಹಗೂರ ಹಲಗಿ ಕೂಡಸು, ಕಟ್ಟಿಗಿ ಬೆವರಂಗಿಲ್ಲ. ಹಲಗಿ ನಾ ಕಳಸ್ತೀನಿ."

ತನ್ನ ತಗಡೇ ಇರಲಿ ಎಂದದ್ದರಿಂದ ದಾದೇಸಾಬನಿಗೆ ಅರ್ಧ ಸಮಾಧಾನವಾಯಿತು. ಆದರೂ ತೂತು ಹೊಡೆಯಲು ಅವನ ಕೈ ಬರಲಿಲ್ಲ. ಪೆಟ್ಟಿಗೆಯನ್ನು ಬೋರಲು ಹಾಕಿ, ಉಳಿ ಸುತ್ತಿಗೆಗಳನ್ನು ಆದೆಪ್ಪನ ಕಡೆ ತಳ್ಳಿ, ಮುಖ ಆಚೆ ತಿರುಗಿಸಿ ಕೂತ. "ನೀನ ಹೊಡಿ. ನನ್ನಿಂದ ಆಗಂಗಿಲ್ಲ." ಆದೆಪ್ಪ ತಳದಲ್ಲಿ ನಾಲ್ಕು ತೂತು ಹೊಡೆದ. ಪ್ರತಿ ಏಟಿಗೂ ದಾದೇಸಾಬನ ಭುಜ ಕುಪ್ಪಳಿಸುತ್ತಿತ್ತು. ನಾಲ್ಕನೆಯದು ಮುಗಿದ ಮೇಲೆ ಈ ಕಡೆ ತಿರುಗಿ, ತಾನೇ ಹಳೆಯ ಜರಡಿಯ ಜಾಳಿಗೆ ಕತ್ತರಿಸಿ ತೂತುಗಳಿಗೆ ಬೆಸೆದ. ಯಾರೂ ಕೇಳದಿದ್ದರೂ ಮೇಲೊಂದು ಇಳಿಜಾರು ಸೂರನ್ನೂ ಮೂರು ಬೆರಳು ಮುಂದೆ ಚಾಚುವ ಹಾಗೆ ಕೂಡಿಸಿದ. ತೂತಿದ್ದರೂ ಇರುವೆ ತನ್ನನ್ನು ಕೇಳಿಯೇ ಹೋಗಬೇಕಲ್ಲ.

ಹಲಗೆ ಬಂದ ಮೇಲೆ ಪೆಟ್ಟಿಗೆ ಮತ್ತೆ ಮರಕ್ಕೇರಿತು. ಆದೆಪ್ಪ ತಿರುಪುಗಳ ಕಿಲುಬು ಉಜ್ಜಿ, ಹೊಸದಾಗಿ ಕೂಡಿಸಿದ ತಂತಿಯ ಗಂಟಿಗೆ ಮೇಣ ಹಚ್ಚಿ, ಟ್ಯೂಬಿನ ಪಟ್ಟಿ ಸುತ್ತಿ, ಕಂಬದಿಂದ ಪೆಟ್ಟಿಗೆಗೆ ತಂತಿಯನ್ನು ಬಿಗಿಯಾಗಿ ಎಳೆದ. ತಿಮ್ಮಣ್ಣ ಬಂದು ಅದನ್ನು ಸಡಿಲ ಬಿಟ್ಟ. ಆದೆಪ್ಪ ಮತ್ತೆ ಬಿಗಿದ. ಮುದುಕ ಮತ್ತೆ ಸಡಿಲಿಸಿದ.

"ಏನ್ ಕಾಕಾ ಇದು?"

"ನೀರು ಹಗ್ಗ ಹಿಡಕೊಂಡು ನಡೀತೈತಿ ತಮ್ಮ. ಬಿಗಿ ಕಟ್ಟಿದ್ರ ಸೀದಾ ಮನಿಯೊಳಗ ಬರ್ತೈತಿ. ಕೆಳಗ ಜೋಲಿ ಬಿಡು, ಅಲ್ಲೇ ತೊಟ್ಟಿಕ್ಕಿ ಬಿದ್ದು ಹೋಗ್ತೈತಿ. ತಂತಿ ತಳದಿಂದ ಮ್ಯಾಲ ಹತ್ತಿ ಒಳಗ ಹೋಗಲಿ." ಇಷ್ಟು ಹೇಳಿ, ಇದು ಹುಡುಗರಿಗೂ ಗೊತ್ತಿರುವ ಮಾತು ಎನ್ನುವ ಹಾಗೆ ಬೀಡಿ ಹಚ್ಚಿದ.

ಕೊಟ್ರಬಸಪ್ಪನವರಿಗೆ ಸುದ್ದಿ ಹೇಳಿದಾಗ ಅವರು ಕಾಗದದಿಂದ ತಲೆ ಎತ್ತಿ, "ನೀರು ಹೋಗಬಾರದಂತ ಮಾಡಿಸಿದ ಪೆಟ್ಟಿಗಿ. ಅದಕ್ಕ ನಾಕು ತೂತು," ಎಂದರು. ಆದೆಪ್ಪ ಹೌದ್ರಿ ಎಂದ. "ಆಗಲಿ," ಎಂದು ಅವರು ಕಾಗದಕ್ಕೆ ತಲೆ ಬಗ್ಗಿಸಿದರು.

ಆರಿದ್ರಾ ಮಳೆ ಹಗಲು ರಾತ್ರಿ ಹಿಡಿಯಿತು. ಹತ್ತು ದಿನ, ಹನ್ನೆರಡು ದಿನ. ಪ್ರತಿ ಹೊತ್ತೂ ತಿಮ್ಮಣ್ಣನ ಕೂಗು ತಪ್ಪಲಿಲ್ಲ. ಹದಿಮೂರನೆಯ ದಿನ ಮೋಡ ಒಡೆದು ಮುನಿರಾಬಾದಿನಲ್ಲಿ ಕಣ್ಣು ಕೋರೈಸುವ ಬಿಸಿಲು ಬಿತ್ತು. ಅಷ್ಟು ದಿನದ್ದು ಬರೀ ಜಿನುಗಾದ್ದರಿಂದ ಹೊಳೆ ತಳ ಹಿಡಿದೇ ಹರಿಯುತ್ತಿತ್ತು. ಕೂಲಿಯವರು ಖುಷಿಯಿಂದ ಪಾಯಕ್ಕಿಳಿದರು. ಹುಲಿಗವ್ವನ ಹಾಡು ಕಚೇರಿಯವರೆಗೂ ಕೇಳುತ್ತಿತ್ತು.

ಹೊತ್ತು ನೆತ್ತಿಗೇರುವ ಮುಂಚೆ ಫೋನಿನ ಗಂಟೆ ಹೊಡೆದುಕೊಂಡಿತು. ಇದು ತಿಮ್ಮಣ್ಣ ಮಟ್ಟ ಹೇಳುವ ಹೊತ್ತಲ್ಲ.

"ಆದೆಪ್ಪಾ, ಕಲ್ಲಿನ ಕೆಂಪು ಗೆರಿ ಮುಳುಗೇತಿ. ಮಲೆನಾಡಿನ ನೀರು, ಕೆಂಪಗೈತಿ. ನೋಡನೋಡತಾ ಒಂದು ಆಳು ಏರಿತು. ಮಂದಿನ್ನ ಮ್ಯಾಲ ಕರಿ."

ಕೊಟ್ರಬಸಪ್ಪನವರು ಕಿಟಕಿಯಿಂದ ಹೊರಗೆ ನೋಡಿದರು. ಬಿಸಿಲು. ಮತ್ತೆ ಆದೆಪ್ಪನ ಮುಖ ನೋಡಿದರು. "ಖಾತ್ರಿ ಏನು?"

"ಖಾತ್ರಿರಿ. ಎದುರಿಗೆ ನಿಂತು ಮಾತಾಡಿದಂಗ ಕೇಳಿಸಿತ್ರಿ."

ಸೀಟಿ ಊದಿದರು. ಮುನ್ನೂರು ಮಂದಿ ಬುಟ್ಟಿ, ಸಲಿಕೆ, ಗುದ್ದಲಿ, ಕೂಸುಗಳನ್ನು ಹೊತ್ತುಕೊಂಡು ಗೊಣಗುತ್ತ ದಂಡೆ ಹತ್ತಿದರು. ಹುಲಿಗವ್ವ ಆದೆಪ್ಪನ ಪಕ್ಕದಲ್ಲೇ ಹಾದುಹೋಗುತ್ತ, "ಬಿಸಲಾಗ ಹೊಳಿ ಬರ್ತೈತಂತ ನಿನ್ನ ಮುದುಕ ಹೇಳ್ಯಾನೇನು? ರೊಟ್ಟಿ ತಿನ್ನಾಕ ಬಿಟ್ಟೀರಿ, ಅಷ್ಟ ಪುಣ್ಯಾ," ಎಂದಳು. ಅರ್ಧ ತಾಸಾಯಿತು. ಒಂದು ತಾಸಾಯಿತು. ಕೂಲಿಯವರು ರೊಟ್ಟಿ ತಿಂದು ಮುಗಿಸಿ ತಮಾಷೆ ಶುರುಮಾಡಿದರು. ಕೊಟ್ರಬಸಪ್ಪನವರು ಜೇಬಿನ ಗಡಿಯಾರವನ್ನು ಮೂರು ಸಲ ತೆಗೆದು ನೋಡಿದರು. ಆದೆಪ್ಪನ ಅಂಗಿ ಬೆನ್ನಿಗಂಟಿತ್ತು. ಜಾಳಿಗೆ ಗಟ್ಟಿಯಿತ್ತೇ, ಮುದುಕನ ಕಣ್ಣು ಸರಿಯಿದೆಯೇ ಎಂದು ಬೇಡದ್ದೆಲ್ಲ ನೆನಪಾಯಿತು.

ಆಮೇಲೆ ಹಕ್ಕಿಗಳೆದ್ದವು. ಮೇಲಿನ ತಿರುವಿನಲ್ಲಿ ಹೊಳೆ ಮೊದಲು ದಪ್ಪಗಾಯಿತು, ಆಮೇಲೆ ಕೆಂಪಗಾಯಿತು. ಸದ್ದು ಬಂದದ್ದು ಕೊನೆಗೆ. ನೀರು ಬಂದು ಪಾಯದ ಗುಂಡಿಗಳನ್ನು ಒಂದೊಂದಾಗಿ ತುಂಬಿ, ಮರೆತುಬಿಟ್ಟ ಎರಡು ಬುಟ್ಟಿಗಳನ್ನು ಗಿರಗಿರನೆ ತಿರುಗಿಸುತ್ತ ಒಯ್ದಿತು. ತಮಾಷೆ ನಿಂತಿತು. ಹುಲಿಗವ್ವ ಪಕ್ಕದವಳ ಕೂಸನ್ನು ಈಸಿಕೊಂಡು ತೊಡೆಯ ಮೇಲೆ ಕೂಡಿಸಿಕೊಂಡಳು.

ಕಚೇರಿಯಲ್ಲಿ ಮತ್ತೆ ಗಂಟೆ. ಆದೆಪ್ಪ ಓಡಿ ಹೋಗಿ ಎತ್ತಿದ. ಈ ಸಲ ಮುದುಕ ಕೂಗಲಿಲ್ಲ; ಮಗ್ಗುಲಲ್ಲಿ ಕೂತವನನ್ನು ಕೇಳುವಂತೆ ಕೇಳಿದ.

"ಮುಟ್ಟಿತೇನೋ?"

"ಮುಟ್ಟಿತು ಕಾಕಾ."

"ಮಂದಿ?"

"ಎಲ್ಲಾರೂ ಮ್ಯಾಲ ಅದಾರ."

  ಆದೆಪ್ಪ ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದು, ವೈರು ಸಾಲುವಷ್ಟು ದೂರ ಕೈ ಹೊರಗೆ ಚಾಚಿ, ಮುದುಕನಿಗೂ ಸದ್ದು ಕೇಳಲೆಂದು ಫೋನಿನ ಬಾಯನ್ನು ಹೊಳೆಯ ಕಡೆಗೆ ಹಿಡಿದು ನಿಂತ. ತೋಳು ನೋಯತೊಡಗಿದರೂ ಬಹಳ ಹೊತ್ತು ಹಾಗೇ ಹಿಡಿದಿದ್ದ.