ಹೊಳೆಗೆ ಬಿಟ್ಟ ಅಂಗಿಗಳು

ಹೊಸ ಬಟ್ಟೆ ತೊಟ್ಟು ಗಂಗಾರಾಮ ಕಾಕಾನ ಎದುರು ಸುಮ್ಮನೆ ಹಾದುಹೋಗುವ ಭಾಗ್ಯ ರಬಕವಿಯಲ್ಲಿ ಯಾರಿಗೂ ಇಲ್ಲ. ಮದುಮಗನೇ ಇರಲಿ, ಬಸ್ಸಿನ ಕಂಡಕ್ಟರನೇ ಇರಲಿ, ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, ನವಿರಾಗಿ ತಿಕ್ಕಿ, ಅದರ ಜಾತಕ ಹೇಳಿದ ಮೇಲೆಯೇ ಬಿಡುಗಡೆ. "ನೂಲ ಛಲೋ ಐತಿ, ಬಣ್ಣ ಮೋಸ ಮಾಡತೈತಿ" ಎಂದರೆ ಮುಗಿಯಿತು, ತೊಟ್ಟವನ ಮುಖದ ಬಣ್ಣವೂ ಅಲ್ಲೇ ಇಳಿಯುವುದು. ಬಾಳೆಲ್ಲ ನೇಕಾರನಾಗಿ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನ ನಡಿಗೆ ಇಂದಿಗೂ ಮಗ್ಗ ತುಳಿದಂತೆಯೇ, ಆ ಕಾಲಿನಿಂದ ಈ ಕಾಲಿಗೆ ತೂಗಿಕೊಂಡು.

ಹೆಂಡತಿ ಅನ್ನವ್ವ ಇದ್ದ ಕಾಲದಲ್ಲಿ ಕೃಷ್ಣಾ ಹೊಳೆಯ ಘಟ್ಟವೆಂದರೆ ಅವರ ಸಂಸಾರದ ಇನ್ನೊಂದು ಕೋಣೆ. ಬಣ್ಣ ಹಾಕಿದ ನೂಲಿನ ಲಡಿಗಳನ್ನು ಆಕೆ ನೀರಿನಲ್ಲಿ ಜಾಲಿಸುವಳು, ಇವನು ಹಿಂಡಿ ಮೆಟ್ಟಿಲ ಮೇಲೆ ಹರಡುವನು, ನಡುನಡುವೆ ಜಗಳ. ಕೆಂಪು ಬಣ್ಣ ಒಂದು ಗಳಿಗೆ ತೇಲಿ ಕರಗುವುದನ್ನು ನೋಡುತ್ತ ಆಕೆ ಅನ್ನುತ್ತಿದ್ದಳಂತೆ: "ಹೊಳೆವ್ವ ಏನ್ ಕೊಟ್ರೂ ನುಂಗತಾಳ್ರಿ, ನನ್ನಂಗ." ಎಂಥ ದಿನಗಳವು!

ಕೊರೊನಾದ ಎರಡನೆಯ ಬೇಸಿಗೆಯಲ್ಲಿ ಅನ್ನವ್ವ ಹೋದಳು. ಬಂಧುಬಳಗವೆಲ್ಲ ಬಾಗಿಲು ಹಾಕಿಕೊಂಡಿತು. ಹೆಗಲು ಕೊಟ್ಟವರು ನೆರೆಮನೆಯ ದುರಗೇಶ ಮತ್ತು ಅವನ ಗೆಳೆಯರು, ತಲೆಯಿಂದ ಕಾಲಿನವರೆಗೆ ಬಿಳಿಯ ರಕ್ಷಾಕವಚ ತೊಟ್ಟು. ಕಾಕಾನನ್ನು ದೂರವೇ ನಿಲ್ಲಿಸಿದ್ದರು. ಚಿತೆ ಉರಿದು ತಣ್ಣಗಾಗುವಾಗ ದುರಗೇಶ ಅಲ್ಲಿಂದಲೇ ಕೂಗಿದ: "ಕಾಕಾ, ಈ ಅಂಗಿ ಏನ್ ಮಾಡೂನ್ರಿ?" ಹೆಣ ಹೊರುವಾಗ ತೊಟ್ಟ ಅರಿವೆಯನ್ನು ಮನೆಗೆ ತರಬಾರದು, ಹರಿಯುವ ನೀರಿಗೆ ಬಿಟ್ಟು ಮಿಂದು ಬರಬೇಕು, ಅದು ಹಿರಿಯರಿಂದ ಬಂದ ಪದ್ಧತಿ. "ಹೊಳಿಗೆ ಬಿಡ್ರಪಾ" ಎಂದ ಕಾಕಾ. ಊರ ಬಟ್ಟೆಯನ್ನೆಲ್ಲ ಮುಟ್ಟಿ ನೋಡಿದವನು ಅದೊಂದನ್ನು ಮುಟ್ಟಿರಲಿಲ್ಲ. ಅರಿವೆಯೆಂದ ಮೇಲೆ ನೀರಿನಲ್ಲಿ ಕೊಳೆತು ಮಣ್ಣಾಗುವುದೆಂದೇ ಅವನ ನಂಬಿಕೆ. ಆ ಬೇಸಿಗೆಯಲ್ಲಿ ಸಾವು ಕಂಡ ಉಳಿದ ಮನೆಯವರೂ ಹಾಗೆಯೇ ಬಿಟ್ಟರು.

ಮಳೆಗಾಲದ ಮಹಾಪೂರ ಇಳಿದಾಗ ದಡದ ಜಾಲಿಕಂಟಿಗಳ ತುಂಬ ನೀಲಿ ಮಾಸ್ಕು, ಗಾಳಿ ತುಂಬಿ ಉಬ್ಬಿದ ಕೈಗವಸು, ಬಿಳಿಯ ಅಂಗಿಗಳು. ಕಾಕಾ ಒಂದರ ಅಂಚು ಹಿಡಿದು ತಿಕ್ಕಿದ. ನೂಲೇ ಇರಲಿಲ್ಲ, ಬರಿ ಪ್ಲಾಸ್ಟಿಕ್ಕು. ಅಂದಿನಿಂದ ಪ್ರತಿ ವರ್ಷ ನೆರೆ ಇಳಿಯುತ್ತಲೇ ಕೊಕ್ಕೆಕೋಲು, ಗೋಣಿಚೀಲ ಹಿಡಿದು ದಡಕ್ಕೆ ಇಳಿಯುತ್ತಾನೆ, ಹೆಕ್ಕಿದ್ದನ್ನು ನಗರಸಭೆಯ ಕಸದ ಗಾಡಿಗೆ ಒಪ್ಪಿಸುತ್ತಾನೆ. ಘಟ್ಟದಲ್ಲಿ ಕೂತವರು ಯಾರೋ "ಯಾವ ಬುದ್ಧಿಗೇಡಿಗೋಳು ಇದನ್ನೆಲ್ಲಾ ಹೊಳಿಗೆ ಚೆಲ್ಲ್ಯಾವೋ" ಅಂದದ್ದಕ್ಕೆ ಸಿಡಿದೆದ್ದ: "ಬೈಬ್ಯಾಡ್ರಿ! ನನ್ನ ಹೇಣ್ತಿಗೆ ಹೆಗಲ ಕೊಟ್ಟವರ ಅಂಗಿ ಅವು. ಹೊಳಿಗೆ ಬಿಡಸಿದಾಂವ ನಾನು."

ಹೋದ ದೀಪಾವಳಿಯ ಹೊತ್ತಿಗೆ ಕೆಸರಿನಿಂದ ಎಳೆದ ಅಂಗಿಯೊಂದರ ಬೆನ್ನ ಮೇಲೆ, ಅಂದು ಗುರುತಿಗೆಂದು ಬರೆದುಕೊಂಡಿದ್ದ ದುರಗೇಶನ ಹೆಸರು ಮಾಸಲಾಗಿ ಉಳಿದಿತ್ತು. ಅನ್ನವ್ವನನ್ನು ಕಡೆಯದಾಗಿ ತಾಗಿದ ಅರಿವೆ. ಅದನ್ನು ಚೀಲಕ್ಕೆ ಹಾಕಲಾರದೆ, ಮನೆಗೆ ಒಯ್ಯಲಾರದೆ ಕಾಕಾ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ಸುದ್ದಿ ತಿಳಿದು ದುರಗೇಶನೇ ಬಂದು ಪಕ್ಕದಲ್ಲಿ ಕುಕ್ಕರಿಸಿದ.

"ಹಾಕ್ರಿ ಕಾಕಾ ಚೀಲಕ್ಕ. ಕಾಕೀನ ಹೊತ್ತದ್ದು ಈ ಹೆಗಲ್ರಿ. ಹೆಗಲ ಎಲ್ಲಿ ಹೋಗತೈತಿ, ಇಲ್ಲೇ ಐತಲ್ರಿ?"

ಕಾಕಾ ಆ ಹೆಗಲ ಮೇಲೆ ತಲೆಯಿಟ್ಟು ಅತ್ತ. ಆಮೇಲೆ ತಾನೇ ಚೀಲದ ಬಾಯಿ ಬಿಚ್ಚಿದ.

ಊರುದ್ಧಾರಕ್ಕೆಂದು ಪೊರಕೆ ಹಿಡಿದು ಹೊರಡುವ ಮಹನೀಯರನ್ನು ಬೇಕಾದಷ್ಟು ಕಂಡಿದ್ದೇವೆ, ಅವರ ಹಿಂದೆ ಫೋಟೋದವರೂ ಇರುತ್ತಾರೆ. ಗಂಗಾರಾಮನಂಥವರಿಗೆ ಊರಿನ ಉದ್ಧಾರದ ಮಾತು ಬಾರದು. ತಮ್ಮ ಮನೆಯ ಸಾವು ಇನ್ನೊಬ್ಬರ ನೀರಿಗೆ ಭಾರವಾಗಬಾರದು ಎಂಬುದಷ್ಟೇ ಅವರ ಧರ್ಮ. ಅದಕ್ಕಾಗಿ ಕಡೆಯ ಗುರುತನ್ನೂ ಕೈಯಾರೆ ಬಿಟ್ಟುಕೊಡುತ್ತಾರೆ.