ಗಂಟು ಎಳೆದು ನೋಡುವ ಅಪ್ಪಾಸಾಹೇಬರು

ಅಪ್ಪಾಸಾಹೇಬರು ತಲುಪುವ ದಿನವನ್ನು ಯಾಕೆ ಹೇಳುವುದಿಲ್ಲ ಎಂಬ ಪ್ರಶ್ನೆ ಈ ಬೇಸಿಗೆಯುದ್ದಕ್ಕೂ ನನ್ನ ಬೆನ್ನು ಬಿಡಲಿಲ್ಲ. ಮಗಳನ್ನು ಮಲಗಿಸುವಾಗ, ಡೇಕೇರ್‌ನ ಬಾಗಿಲಲ್ಲಿ, ಆಫೀಸಿನ ಮೀಟಿಂಗಿನ ನಟ್ಟನಡುವೆ, ಅದು ಎಲ್ಲೆಂದರಲ್ಲಿ ಬಂದು ಎದುರು ನಿಲ್ಲುತ್ತಿತ್ತು. ಹೊರಡುವ ಸ್ಥಳ ಹೇಳುತ್ತಾರೆ, ಅಜೋರ್ಸ್ ದ್ವೀಪ. ಸೇರುವ ಸ್ಥಳ ಹೇಳುತ್ತಾರೆ, ಮಡೇರಾ ದ್ವೀಪ. ನಡುವಿನ ಅಟ್ಲಾಂಟಿಕ್ಕನ್ನೂ ಮುಚ್ಚಿಡುವುದಿಲ್ಲ. ಆದರೆ “ಯಾವತ್ತು ತಲುಪ್ತೀರ ಅಂಕಲ್?” ಎಂದ ಕೂಡಲೇ ಆ ಮನುಷ್ಯ ಕಿಟಕಿಯಾಚೆಯ ಮರದ ಎಲೆಗಳು ಯಾವ ಕಡೆಗೆ ವಾಲುತ್ತಿವೆ ಎಂದು ನೋಡತೊಡಗುತ್ತಾರೆ. ಅವರ ಹಾಯಿದೋಣಿಯಲ್ಲಿ ಜೊತೆಗಾರನಾಗಿ ಹೋಗಬೇಕಾದವನು ನನ್ನ ಗಂಡ ಅವಿನಾಶ್. ನಮ್ಮ ನಿಧಿಗೆ ಇನ್ನೂ ಎರಡು ತುಂಬಿಲ್ಲ. ಸಂಶಯ ಪಡದೆ ನಾನಾದರೂ ಏನು ಮಾಡಲಿ?

ಅಪ್ಪಾಸಾಹೇಬರು ವಿಜಯಪುರದ ಕಡೆಯವರು. ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ ಮನೆ, ಪಂಪು-ವಾಲ್ವುಗಳ ವ್ಯಾಪಾರ, ಅರವತ್ತು ದಾಟಿದ ದೃಢಕಾಯ. ಹ್ಯೂಸ್ಟನ್ನಿನ ಸಪಾಟು ಪಾರ್ಕಿಂಗ್ ಜಾಗದಲ್ಲೂ ನೆಲ ಯಾವ ಕ್ಷಣದಲ್ಲಾದರೂ ವಾಲೀತು ಎಂಬಂತೆ ಕಾಲುಗಳನ್ನು ಅಗಲಿಸಿ ನಡೆಯುತ್ತಾರೆ. ಬೆವರು ಕಿತ್ತುಬರುವ ಸೆಕೆಯಲ್ಲೂ ತೋಳಿನಂಚು ಸವೆದ, ಕೊರಳಪಟ್ಟಿಯ ಮೇಲೆ ಉಪ್ಪಿನ ಬಿಳಿಗೆರೆ ಉಳಿದ ಆ ನೀಲಿ ಜಾಕೆಟ್ಟನ್ನು ಕಳಚುವುದಿಲ್ಲ. ಇವೆಲ್ಲಕ್ಕಿಂತ ವಿಲಕ್ಷಣವಾದದ್ದು ಅವರ ಬಲಗೈ. ಬೇರೆಯವರು ಕಟ್ಟಿದ್ದನ್ನೆಲ್ಲ ಅದು ಎಳೆದು ನೋಡುತ್ತದೆ. ಗಲ್ವೆಸ್ಟನ್ ಕೊಲ್ಲಿಯಲ್ಲಿ ಅವರ ಕೈಕೆಳಗೆ ದೋಣಿ ಕಲಿತ ಅವಿನಾಶ್, ತಾನು ಹಾಕಿದ ಒಂದು ಗಂಟನ್ನೂ ಅವರು ಸುಮ್ಮನೆ ಬಿಟ್ಟದ್ದಿಲ್ಲ ಎಂದು ನಗುತ್ತಿದ್ದ. ನಗು ನನಗೆ ಬರಲಿಲ್ಲ, ಏಕೆಂದರೆ ಮೊದಲ ಭೇಟಿಯಲ್ಲೇ, ನಾನು ಕಾರಿನಲ್ಲಿ ನಿಧಿಯ ಸೀಟಿನ ಬೆಲ್ಟ್ ಹಾಕಿ ತಿರುಗುವಷ್ಟರಲ್ಲಿ, ಆ ಕೈ ಒಳಗೆ ಬಂದು ಬೆಲ್ಟನ್ನು ಎರಡು ಸಲ ಜಗ್ಗಿ ಹೊರಗೆ ಹೋಗಿತ್ತು. ಹೆತ್ತ ತಾಯಿಯನ್ನೂ ನಂಬದವನು ಎಂಥವನು ಎಂದುಕೊಂಡೆ.

ಪ್ರಯಾಣದ ಯೋಜನೆಗೆಂದು ಅವರು ನಮ್ಮನ್ನು ಊಟಕ್ಕೆ ಕರೆದಿದ್ದರು. ನಮ್ಮೂರು ಪ್ರಾಸ್ಪರ್‌ನಿಂದ ಬೆಳಿಗ್ಗೆಯೇ ಹೊರಟು ಹೋದೆವು. ಊಟದ ಮೇಜಿನ ತುಂಬ ಸಮುದ್ರದ ನಕ್ಷೆ ಹರಡಿತ್ತು. ಅದರ ಒಂದು ಮೂಲೆ ಸುರುಳಿಯಾಗದಂತೆ ಶೇಂಗಾ ಚಟ್ನಿಪುಡಿಯ ಡಬ್ಬಿ ಇಟ್ಟಿದ್ದರು.

“ಇಲ್ಲಿ ಗಾಳಿ ಬಿದ್ರ ಏನ್ ಮಾಡ್ತಿ ತಮ್ಮಾ?”

“ಎಂಜಿನ್ ಹಾಕ್ತೀನಿ ಅಂಕಲ್.”

“ಎಂಜಿನ್ ಕೈ ಕೊಟ್ರ?”

“ಕಾಯ್ತೀನಿ.”

“ಕುಡಿಯೂ ನೀರಿನ ಟಾಕಿ ಸೋರಿದ್ರ?”

ಅವಿನಾಶ್ ತಲೆ ಕೆರೆದುಕೊಂಡ. ಅವರ ಹೆಂಡತಿ ಕಮಲವ್ವ ರೊಟ್ಟಿಯ ಬುಟ್ಟಿ ತಂದವರು, “ಮೊದಲ ಉಣ್ಣಾಕ ಹಾಕ್ರಿ ಅವರಿಗೆ. ಉಪವಾಸ ಕೆಡವಾಕ ನಡು ಸಮುದ್ರ ಐತೆಲ್ಲಾ,” ಎಂದು ನನ್ನ ಕಡೆ ತಿರುಗಿದರು. “ಹಿತ್ತಲ ಗಿಡಕ್ಕ ಬಿಟ್ಟ ನೀರು ಬಂದ್ ಮಾಡೂದು ನೆನಪಿರಂಗಿಲ್ಲ ಇವರಿಗೆ. ಅಟ್ಲಾಂಟಿಕ್‌ದಾಗ ಹೊಂಟಾರ.”

ಆ ನಗುವಿನ ಸಡಿಲದಲ್ಲಿ ನಾನು ನನ್ನ ಜಾಣತನವನ್ನು ಮುಂದಿಟ್ಟೆ. “ಮಡೇರಾದಿಂದ ಅವಿನಾಶ್‌ಗೆ ರಿಟರ್ನ್ ಟಿಕೆಟ್ ಬುಕ್ ಮಾಡಿಬಿಟ್ಟಿದ್ದೀನಿ ಅಂಕಲ್. ರಜೆ ಮುಗಿಯೋದಕ್ಕೆ ಸರಿಯಾಗಿ ಕೂತುಕೊಳ್ಳುತ್ತೆ.” ರಜೆಯನ್ನು ಗಂಟೆಗಳಲ್ಲಿ ಕೂಡಿಡುವ ನಮ್ಮಂಥ ಸಾಫ್ಟ್‌ವೇರ್ ಮನೆಗಳಲ್ಲಿ ವಾಪಸು ಟಿಕೆಟ್ ಎಂದರೆ ರಕ್ಷೆಯ ದಾರವಿದ್ದಂತೆ, ಅದೊಂದಿದ್ದರೆ ಹೋದವನು ಬಂದೇ ಬರುತ್ತಾನೆ. ಅಪ್ಪಾಸಾಹೇಬರು ಪೆನ್ಸಿಲ್ ಕೆಳಗಿಟ್ಟರು. ಡಬ್ಬಿ ಎತ್ತಿ ನಕ್ಷೆಯನ್ನು ಸುತ್ತಿದರು. “ಮಜ್ಜಿಗಿ ತಗೋ ತಂಗಿ,” ಎಂದರು, ಅಷ್ಟೇ.

ಆಮೇಲೆ ಅವರ ಫೋನೇ ಇಲ್ಲ. ಅವಿನಾಶ್ ಕಳಿಸಿದ ಮೆಸೇಜುಗಳಿಗೆ ಉತ್ತರವೂ ಇಲ್ಲ. ದಿನಾಂಕವೆಂದರೆ ಬೆಚ್ಚುವ ಈ ಮನುಷ್ಯ ಏನನ್ನೋ ಬಚ್ಚಿಡುತ್ತಿದ್ದಾನೆ ಎಂಬ ನನ್ನ ಗುಮಾನಿ ಬಲಿಯಿತು. ಅಜೋರ್ಸ್‌ನಲ್ಲಿ ಕಟ್ಟಿದೆ ಎನ್ನುವ ಆ ದೋಣಿ ನಿಜಕ್ಕೂ ಇದೆಯೇ? ಇದ್ದರೂ ಇವರು ಅದರಲ್ಲಿ ದ್ವೀಪದಿಂದ ದ್ವೀಪಕ್ಕೆ ಎಂದಾದರೂ ಹೋಗಿದ್ದಾರೆಯೇ?

ಉತ್ತರ ಸಿಕ್ಕಿದ್ದು ಆಸ್ಟಿನ್ನಿನ ಒಂದು ಗೃಹಪ್ರವೇಶದಲ್ಲಿ. ಊಟದ ಸಾಲಿನಲ್ಲಿ ನಮ್ಮ ಮುಂದಿದ್ದ ಶ್ರೀಶೈಲ್ ಎಂಬವರು, ಹಿಂದಿನ ವರ್ಷ ಇದೇ ಪ್ರಯಾಣಕ್ಕೆ ಅಪ್ಪಾಸಾಹೇಬರ ಜೊತೆಗಾರರಾಗಿ ಅಜೋರ್ಸ್‌ಗೆ ಹೋದವರು ಎಂದು ತಿಳಿಯಿತು. ಅಲ್ಲಿ ಮನಸ್ಸಿಗಾದ ಗಾಯ ಇನ್ನೂ ಮಾಗಿರಲಿಲ್ಲ.

“ನನ್ನ ಫ್ಲೈಟ್ ಐತವಾರ ಇತ್ತ್ರಿ. ಗಾಳಿ ಎದುರಿಗೇ ಬೀಸಾಕತ್ತಿತ್ತು. ಇವತ್ತ ಬಿಡೂಣೇನ್ರಿ, ಇವತ್ತ ಬಿಡೂಣೇನ್ರಿ ಅಂತ ದಿನಾ ಕೇಳ್ತಿದ್ದೆ. ಒಂದಿನ ಅವರ ನನ್ನ ಬ್ಯಾಗ್ ಎತ್ತಿ ದಂಡಿಗಿಟ್ರು.”

“ಏನಂತ ಹೇಳಿದ್ರು?” ನಾನು ಕೇಳಿದೆ.

“ನಿನ್ನ ಜೋಡಿ ಕ್ಯಾಲೆಂಡರ್ ಹತ್ತೇತಿ, ಅದಕ್ಕ ದೋಣ್ಯಾಗ ಜಾಗಾ ಇಲ್ಲ ಅಂದ್ರು. ಮನಷ್ಯಾನ ಅಲ್ರಿ ಅವರು.”

“ಆಮೇಲೆ ಒಬ್ಬರೇ ಹೋದ್ರಾ?”

“ಎಲ್ಲಿ ಹೋಗ್ತಾರ್ರಿ. ಗಾಳಿ ತಿರುಗಲೇ ಇಲ್ಲ. ದೋಣಿ ಅಲ್ಲೇ ಕಟ್ಟಿ, ವಿಮಾನ ಹತ್ತಿ ಬಂದ್ರು.” ಶ್ರೀಶೈಲ್ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. “ಅಂಜುಬುರುಕ.”

ಮರಳುವಾಗ ಅವಿನಾಶ್ ಡ್ರೈವ್ ಮಾಡುತ್ತಿದ್ದ. ಹಿಂದಿನ ಸೀಟಿನಲ್ಲಿ ನಿಧಿ ನಿದ್ದೆ ಹೋಗಿದ್ದಳು. ನಾನು ಶ್ರೀಶೈಲರ ಕೊನೆಯ ಪದವನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಐತವಾರದ ವಿಮಾನಕ್ಕಾಗಿ ಎದುರುಗಾಳಿಯಲ್ಲಿ ಹಾಯಿ ಬಿಚ್ಚುವ ಧೀರನ ಕೈಗೆ ನನ್ನ ಗಂಡನನ್ನು ಒಪ್ಪಿಸಬಲ್ಲೆನೇ? ನಾನು ಕಟ್ಟಿದ ರಕ್ಷೆಯ ದಾರ, ಅವನನ್ನು ಬಿರುಗಾಳಿಯೊಳಕ್ಕೇ ಎಳೆಯುವ ಹಗ್ಗವಾಗಬಹುದಿತ್ತಲ್ಲವೇ? ದಾರಿಯಲ್ಲಿ ವೇಕೋ ಪಟ್ಟಣ ದಾಟಿದ ಮೇಲೆ ಕೇಳಿದೆ: “ಆಫೀಸಲ್ಲಿ ಇನ್ನಷ್ಟು ದಿನ ರಜೆ ಸಿಗುತ್ತಾ?” ಅವನು ನನ್ನ ಮುಖವನ್ನೇ ನೋಡಿದ. “ರಸ್ತೆ ನೋಡು,” ಎಂದೆ.

ಸಮುದ್ರವನ್ನು ಪ್ರೀತಿಸುವವರಲ್ಲಿ ಅದನ್ನು ಅರೆಕ್ಷಣವೂ ನಂಬದವರ ಪಂಗಡವೊಂದಿದೆ. ಅವರು ಹಗ್ಗವನ್ನು ಶಂಕಿಸುತ್ತಾರೆ, ಆಕಾಶವನ್ನು ಶಂಕಿಸುತ್ತಾರೆ, ಹೊರಟುಬಿಡೋಣ ಎನ್ನುವ ತಮ್ಮ ಆಸೆಯನ್ನೇ ಎಲ್ಲಕ್ಕಿಂತ ಹೆಚ್ಚಾಗಿ ಶಂಕಿಸುತ್ತಾರೆ. ಇಂಥವರಿಗೆ ಸಮಾಧಾನ ಹೇಳಲು ಬರುವುದಿಲ್ಲ. ಹತ್ತಿರದವರ ಮನಸ್ಸು ನೋಯುತ್ತದೆ, ಸ್ನೇಹಗಳು ಮುರಿಯುತ್ತವೆ, ಊರು ಆಡಿಕೊಳ್ಳುತ್ತದೆ. ಮಗು ಉಸಿರಾಡುತ್ತಿದೆಯೇ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುವ ತಾಯಂದಿರೂ ಬಹುಶಃ ಇದೇ ಕುಲದವರು.

ಮನೆಗೆ ಬಂದವಳೇ ಟಿಕೆಟ್ ರದ್ದು ಮಾಡಿ ಅಪ್ಪಾಸಾಹೇಬರಿಗೆ ಫೋನ್ ಮಾಡಿದೆ.

“ಟಿಕೆಟ್ ಕ್ಯಾನ್ಸಲ್ ಮಾಡಿದೀನಿ ಅಂಕಲ್. ಹಾಗಂತ ನಿಮ್ಮನ್ನ ಪೂರ್ತಿ ನಂಬಿದೀನಿ ಅಂದ್ಕೋಬೇಡಿ.”



“ನಂಬಬ್ಯಾಡ ತಂಗಿ,” ಎಂದರು. “ದಂಡಿ ಮ್ಯಾಲ ಅಂಥಾವ್ರು ಒಬ್ರು ಬೇಕಾಗ್ಯಾರ. ದೋಣ್ಯಾಗಿಂದ ದಿನಾ ನಿನಗ ನಮ್ಮ ಸುದ್ದಿ ಬರ್ತೈತಿ. ಬರಲಿಲ್ಲಂದ್ರ ಗಾಬರಿಯಾಗಿ ಸಮುದ್ರದ ರಕ್ಷಣಾ ದಳಕ್ಕ ಫೋನ್ ಹಚ್ಚಬೇಕು. ಕಮಲವ್ವಗ ಹೇಳಿದ್ರ, ಬರ್ತಾರ ಬಿಡು ಅಂತ ಮಕ್ಕೊಂಡಬಿಡ್ತಾಳ.”

“ನಂಬರ್ ಹೇಳಿ,” ಎಂದೆ.